ಬಾಗಿಲಿಗೆ ನಂಬರ್ ಬಿದ್ದ ಮೇಲೆ

ನಮಸ್ಕಾರ ಅಕ್ಕ,

ನಿಮ್ಮ ಆರು ಪುಟದ ಪತ್ರ ಬಂದು ಹದಿನೈದು ದಿನ ಆಯಿತು. ಉತ್ತರ ತಡವಾಗಿದೆ, ಕ್ಷಮಿಸಿ. ಹೆಸರು ಹಾಕಬೇಡಿ, ಊರಿನ ಹೆಸರೂ ಬೇಡ ಎಂದಿದ್ದೀರಿ. ಎರಡನ್ನೂ ಹಾಕಿಲ್ಲ. ಆದರೆ ಉತ್ತರವನ್ನು ಮಾತ್ರ ಇಲ್ಲೇ, ಎಲ್ಲರ ಮುಂದೆ ಬರೆಯುತ್ತಿದ್ದೇನೆ. ನಿಮಗೆ ಬಂದ ಕಷ್ಟ ನಾಳೆ ಇನ್ನೊಂದು ಊರಿನ ಇನ್ನೊಂದು ಕ್ವಾರ್ಟರ್ಸ್‌ಗೆ ಬರುತ್ತದೆ.

ಮೊದಲು ಓದುಗರಿಗಾಗಿ ನಿಮ್ಮ ಪತ್ರದ ವಿಷಯ ಹೇಳಿಬಿಡುತ್ತೇನೆ. ನಿಮ್ಮದು ಪಾಲಿಕೆಯವರು ಬಡವರಿಗೆಂದು ಕಟ್ಟಿಸಿಕೊಟ್ಟ ಮನೆ. ನೆಲಮಹಡಿ, ಮೇಲೆ ಎರಡು ಮಹಡಿ. ನೀವು ಅಲ್ಲಿಗೆ ಬಂದು 31 ವರ್ಷ. ಮೆಟ್ಟಿಲ ಕೆಳಗೆ ಸಿಮೆಂಟು ಉದುರಿ ಕಂಬಿ ಕಾಣುತ್ತಿದೆ, ಮಳೆಗಾಲದಲ್ಲಿ ಗೋಡೆ ಜಿನುಗುತ್ತದೆ. ಪಾಲಿಕೆ ಸಾಮಾನ್ಯ ಸಭೆಯಲ್ಲಿ ಎಲ್ಲ ಕಟ್ಟಡ ಕೆಡವಿ, ಖಾಸಗಿಯವರ ಜೊತೆ ಸೇರಿ ಹದಿನಾಲ್ಕು ಮಹಡಿ ಕಟ್ಟುವ ನಿರ್ಣಯ ಆಗಿದೆ. ಆಮೇಲೆ ಒಂದು ದಿನ ಇಬ್ಬರು ಹುಡುಗರು ಬಂದು ಪ್ರತಿ ಬಾಗಿಲ ಮೇಲೂ ಕೆಂಪು ಬಣ್ಣದಲ್ಲಿ ನಂಬರ್ ಬರೆದು ಹೋದರು. ಹೆಸರು ಕೇಳಿದರು, ಏನಕ್ಕೆ ಅಂತ ಹೇಳಲಿಲ್ಲ. ನಿಮ್ಮ ಮೇಲಿನ ಮನೆಯಲ್ಲಿ ಒಂಬತ್ತು ವರ್ಷದಿಂದ ಬಾಡಿಗೆಗೆ ಇರುವವರ ಹೆಸರು ಬರೆದುಕೊಳ್ಳದೆ, ಬೇರೆ ಕಡೆ ಇರುವ ಮನೆ ಮಾಲೀಕರ ಹೆಸರು ಬರೆದುಕೊಂಡರು.

ನೀವು ಕೇಳಿದ್ದು ಮೂರು ಪ್ರಶ್ನೆ. ನಿರ್ಣಯ ಆಗಿಹೋದ ಮೇಲೆ ತಕರಾರು ಹಾಕಿ ಏನು ಪ್ರಯೋಜನ? ನಾವು ಪ್ರಶ್ನೆ ಕೇಳಿದರೆ ಅಭಿವೃದ್ಧಿಗೆ ಅಡ್ಡಗಾಲು ಹಾಕಿದ ಹಾಗೆ ಆಗುತ್ತದಾ? ಬಾಡಿಗೆಯವರನ್ನೂ ಸೇರಿಸಿಕೊಂಡರೆ ನಮ್ಮ ಪಾಲು ಕಡಿಮೆ ಆಗುತ್ತೆ ಅಂತ ಅಕ್ಕಪಕ್ಕದವರು ಹೇಳುತ್ತಿದ್ದಾರೆ, ನಾನು ಏನು ಮಾಡಲಿ?

ಮೂರನೆಯದು ನೀವು ಕೊನೆಯ ಪುಟದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದದ್ದು. ನನಗೆ ಅದೇ ಎಲ್ಲಕ್ಕಿಂತ ದೊಡ್ಡದು ಅನಿಸಿತು. ಅದಕ್ಕೆ ಉತ್ತರ ಹೇಳಬೇಕಾದರೆ ಬೆಂಗಳೂರಿನ ಈಜಿಪುರದ ಕಥೆ ಹೇಳಬೇಕು.

ಕೋರಮಂಗಲಕ್ಕೆ ಅಂಟಿಕೊಂಡ ಈಜಿಪುರದಲ್ಲಿ ಸುಮಾರು 15 ಎಕರೆ ಜಾಗದಲ್ಲಿ ಬಡವರಿಗೆಂದು 42 ಬ್ಲಾಕುಗಳಲ್ಲಿ 1,512 ಮನೆ ಕಟ್ಟಿದ್ದರು. ಜನ ಅದನ್ನು ಈಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗದವರ) ಕ್ವಾರ್ಟರ್ಸ್ ಎಂದೇ ಕರೆಯುತ್ತಿದ್ದರು. ಕಟ್ಟಿ ಹದಿನೈದು ವರ್ಷ ಆಗುವಷ್ಟರಲ್ಲಿ ಬ್ಲಾಕುಗಳು ಒಂದೊಂದಾಗಿ ಕುಸಿಯತೊಡಗಿದವು. 2007ರಲ್ಲಿ ಬ್ಲಾಕು ಬಿದ್ದು ಸಾವೂ ಆಯಿತು. ಉಳಿದವನ್ನೂ ಕೆಡವಿದರು. ಜನ ಅದೇ ಜಾಗದಲ್ಲಿ ತಗಡಿನ ಶೆಡ್ ಹಾಕಿಕೊಂಡು ಕಾದರು. ಪಾಲಿಕೆ ಖಾಸಗಿಯವರ ಜೊತೆ ಕರಾರು ಮಾಡಿಕೊಂಡಿತು. ಜಾಗದ ಒಂದು ಭಾಗದಲ್ಲಿ ಬಡವರಿಗೆ ಮನೆ, ಇನ್ನೊಂದು ಭಾಗದಲ್ಲಿ ಕಟ್ಟುವವರಿಗೆ ವ್ಯಾಪಾರದ ಕಟ್ಟಡ. 2013ರ ಜನವರಿಯಲ್ಲಿ ಪೊಲೀಸರನ್ನು ಇಟ್ಟುಕೊಂಡು ಶೆಡ್‌ಗಳನ್ನು ಜೆಸಿಬಿಯಿಂದ ತೆಗೆಸಿದರು. ಸಾವಿರಾರು ಜನ ಬೀದಿಗೆ ಬಿದ್ದರು. ಎಷ್ಟೋ ಸಂಸಾರಗಳು ಅಲ್ಲೇ ಕಾಂಪೌಂಡಿನ ಆಚೆ ಫುಟ್‌ಪಾತಿನ ಮೇಲೆ ಟಾರ್ಪಾಲು ಕಟ್ಟಿಕೊಂಡು ವರ್ಷಗಟ್ಟಲೆ ಇದ್ದವು. ಹತ್ತು ವರ್ಷ ಕಳೆದಾಗಲೂ ಆ ಜಾಗದಲ್ಲಿ ಅವರಿಗೆ ಮನೆ ಎದ್ದಿರಲಿಲ್ಲ.

ಆ ಜನವರಿಯಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಬೆಳಗಿನ ಚಳಿ. ರಸ್ತೆ ಬದಿಯಲ್ಲಿ ಮಂಚ, ಪಾತ್ರೆ, ಮಕ್ಕಳ ಶಾಲೆ ಚೀಲ ಎಲ್ಲ ಒಂದೇ ರಾಶಿ. ಒಬ್ಬ ತಾಯಿ ಸೆರಗಿನ ಗಂಟಿನಿಂದ ಒಂದು ಹಾಲಿನ ಕವರ್ ತೆಗೆದರು. ತೊಳೆದು ಒಣಗಿಸಿದ ಕವರ್. ಅದರೊಳಗೆ ರೇಷನ್ ಕಾರ್ಡ್, ವೋಟರ್ ಕಾರ್ಡ್, ಮೂರು ಕರೆಂಟ್ ಬಿಲ್. ಎಲ್ಲದರ ಮೇಲೂ ಇದೇ ಕ್ವಾರ್ಟರ್ಸ್ ವಿಳಾಸ. ಅವರು ಬಾಡಿಗೆಗೆ ಇದ್ದವರು. ಮೊದಲು ಹಂಚಿಕೆ ಆದವರ ಪಟ್ಟಿಯಲ್ಲಿ ಹೆಸರಿರಲಿಲ್ಲ. ಬ್ಲಾಕು ಬಿದ್ದಾಗ ಅಲ್ಲಿದ್ದವರು ಅವರು, ಶೆಡ್ಡಿನಲ್ಲಿ ವರ್ಷಗಟ್ಟಲೆ ಮಳೆ ನೆನೆದವರೂ ಅವರು. ಕಾಗದದಲ್ಲಿ ಮಾತ್ರ ಅವರು ಎಲ್ಲೂ ಇಲ್ಲ. ಆ ಹಾಲಿನ ಕವರ್ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈಜಿಪುರದಲ್ಲಿ ಜನರ ಒಗ್ಗಟ್ಟು ಮುರಿದದ್ದು ಅಲ್ಲೇ ಅಕ್ಕ. ಹಂಚಿಕೆ ಪತ್ರ ಇದ್ದವರು ಒಂದು ಕಡೆ, ಬಾಡಿಗೆಯವರು ಒಂದು ಕಡೆ. ಪತ್ರ ಇದ್ದವರಿಗೆ ಮನೆ ಖಾತ್ರಿ ಎಂಬ ಮಾತು ಸಿಕ್ಕಿತ್ತು. ಬಾಡಿಗೆಯವರಿಗೆ ಊರಾಚೆ, ಸರ್ಜಾಪುರ ರಸ್ತೆ ಕಡೆಯ ಸೂಲಿಕುಂಟೆಯಲ್ಲಿ ಜಾಗ ಕೊಡುವ ಮಾತು ನಡೆಯಿತು. ಕೋರಮಂಗಲದ ನಾಲ್ಕು ಮನೆಯಲ್ಲಿ ಪಾತ್ರೆ ತೊಳೆದು ಬದುಕುವ ಹೆಂಗಸು ಬೆಳಿಗ್ಗೆ ಆರಕ್ಕೆ ಅಲ್ಲಿಂದ ಹೇಗೆ ಬರಬೇಕು? ಕೊನೆಗೆ ಪತ್ರ ಇದ್ದವರಿಗೂ ಮನೆ ಕೈಗೆ ಬರಲಿಲ್ಲ. ಜಾಗದಲ್ಲಿ ಜನ ಇದ್ದಷ್ಟು ದಿನ ಪಾಲಿಕೆಗೆ ಅವಸರ ಇರುತ್ತದೆ. ಜಾಗ ಖಾಲಿಯಾದ ಮೇಲೆ ಅವಸರ ಯಾರಿಗಿರುತ್ತದೆ ಹೇಳಿ?

ಆದ್ದರಿಂದ ನಿಮ್ಮ ಮೂರನೇ ಪ್ರಶ್ನೆಗೆ ನನ್ನ ಉತ್ತರ ನೇರ. ಮೇಲಿನ ಮನೆಯವರ ಹೆಸರು ಬರೆಸಿ. ಅವರಿಗೆ ಮಾಲೀಕರಷ್ಟೇ ಹಕ್ಕಿದೆ ಎಂದು ನಾನು ಹೇಳುತ್ತಿಲ್ಲ. ಅವರಿಗೆ ಏನು ಸಿಗಬೇಕು ಅನ್ನುವುದನ್ನು ಆಮೇಲೆ ಕೂತು ಮಾತಾಡಬಹುದು. ಬಾಡಿಗೆ ಮನೆಯೋ, ಬೇರೆ ಯೋಜನೆಯಲ್ಲಿ ಮನೆಯೋ, ಏನೋ ಒಂದು. ಆದರೆ ಇವತ್ತು ಆ ಮನೆಯಲ್ಲಿ ಯಾರು ಇದ್ದಾರೆ ಎನ್ನುವುದು ಪಟ್ಟಿಯಲ್ಲಿ ಇರಲೇಬೇಕು. ಎಣಿಕೆಯಲ್ಲೇ ಬಿಟ್ಟುಹೋದವರಿಗೆ ಆಮೇಲೆ ಯಾವ ಬಾಗಿಲೂ ತೆರೆಯುವುದಿಲ್ಲ. ನಿಮ್ಮ ಪಾಲು ಕಡಿಮೆಯಾಗುತ್ತದೆ ಎಂದು ಹೇಳಿದವರನ್ನು ಒಂದು ಮಾತು ಕೇಳಿ. ಎಷ್ಟು ಜಾಗ ಖಾಸಗಿಯವರಿಗೆ ಹೋಗುತ್ತಿದೆ ಅಂತ ಅವರು ಲೆಕ್ಕ ಹಾಕಿದ್ದಾರಾ? ನಿಮ್ಮ ಪಾಲಿನ ಲೆಕ್ಕ ಶುರುವಾಗಬೇಕಾದದ್ದು ಅಲ್ಲಿಂದ, ಮೇಲಿನ ಮನೆಯ ಗಂಡ ಹೆಂಡತಿ ಮಕ್ಕಳಿಂದ ಅಲ್ಲ.

ಇನ್ನು ಎರಡನೇ ಪ್ರಶ್ನೆ. ಯೋಜನೆಗೆ ಒಪ್ಪಿ ಸಹಿ ಹಾಕದವರು ಅಭಿವೃದ್ಧಿ ವಿರೋಧಿಗಳು ಎಂದು ನಿಮ್ಮ ಕಾರ್ಪೊರೇಟರ್ ಹೇಳಿದರಂತೆ. ಅದು ತಪ್ಪು. ಕಂಬಿ ಕಾಣುವ ಮೆಟ್ಟಿಲನ್ನು ದಿನಾ ಹತ್ತಿ ಇಳಿಯುವವರಿಗಿಂತ ಜಾಸ್ತಿ ಹೊಸ ಮನೆ ಯಾರಿಗೆ ಬೇಕು? ನಾನೂ ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಕಟ್ಟಡ ನಿಜಕ್ಕೂ ಬೀಳುವ ಸ್ಥಿತಿಯಲ್ಲಿದ್ದರೆ ಅಲ್ಲಿ ಇರಬೇಡಿ. ಈಜಿಪುರದ ಸಾವುಗಳನ್ನು ಮರೆಯುವ ಹಾಗಿಲ್ಲ. ಆದರೆ ಬೀಳುವ ಸ್ಥಿತಿಯಲ್ಲಿದೆ ಎಂದು ಹೇಳಿದ ಎಂಜಿನಿಯರ್ ವರದಿ ಎಲ್ಲಿದೆ, ಯಾವ ಬ್ಲಾಕಿನದು, ಯಾವಾಗ ಪರೀಕ್ಷೆ ಮಾಡಿದರು, ಅದನ್ನು ಕೇಳಿ ಪಡೆಯಿರಿ. ರಿಪೇರಿ ಮಾಡಿದರೆ ಉಳಿಯುವ ಬ್ಲಾಕನ್ನೂ ಒಟ್ಟಿಗೆ ಕೆಡವುವುದು ಬೇಡ.

ಕೆಡವಿ ಕಟ್ಟಿದ್ದೆಲ್ಲ ಕೆಟ್ಟಿದೆ ಅಂತಲೂ ಇಲ್ಲ. ಮುಂಬೈನ ಬಿಡಿಡಿ ಚಾಳ್‌ಗಳನ್ನು, ಅಂದರೆ ಸಾಲುಕೋಣೆಗಳ ಹಳೇ ವಸತಿ ಕಟ್ಟಡಗಳನ್ನು ನೋಡಿ. 1920ರ ದಶಕದಲ್ಲಿ ಬ್ರಿಟಿಷರು ಕಟ್ಟಿದವು. ಒಂದು ಸಂಸಾರಕ್ಕೆ 160 ಚದರ ಅಡಿಯ ಒಂದು ಖೋಲಿ (ಕೋಣೆ), ಮಹಡಿಗೆಲ್ಲ ಸೇರಿ ಕಕ್ಕಸು. ಅವನ್ನು ಕೆಡವಿ ಅದೇ ಜಾಗದಲ್ಲಿ 500 ಚದರ ಅಡಿಯ ಮನೆ ಕಟ್ಟಿಕೊಡುವ ಕೆಲಸವನ್ನು ಸರ್ಕಾರದ ವಸತಿ ಮಂಡಳಿ ಮ್ಹಾಡಾ ವಹಿಸಿಕೊಂಡಿತು. 2017ರಲ್ಲಿ ಭೂಮಿಪೂಜೆ, 2025ರ ಆಗಸ್ಟ್‌ನಲ್ಲಿ ವರ್ಲಿಯ ಮೊದಲ 556 ಸಂಸಾರಗಳ ಕೈಗೆ ಕೀಲಿ. ನಡುವೆ ಎಂಟು ವರ್ಷ. ಕರಾರನ್ನು ಬರಹದಲ್ಲಿ ಕೊಡದೆ ಖೋಲಿ ಬಿಡುವುದಿಲ್ಲ ಎಂದು ಅಲ್ಲಿಯೂ ಜನ ಪಟ್ಟು ಹಿಡಿದರು. ಅವರನ್ನೂ ಅಡ್ಡಗಾಲು ಎಂದೇ ಬೈದಿರಬೇಕು. ಆದರೆ ಮನೆ ಎದ್ದಿತು. ಅದೇ ಜಾಗದಲ್ಲಿ, ಮೂರು ಪಟ್ಟು ದೊಡ್ಡದಾಗಿ.

ಈ ಎಂಟು ವರ್ಷ ಎನ್ನುವುದನ್ನು ನೀವು ಗಮನದಲ್ಲಿ ಇಟ್ಟುಕೊಳ್ಳಿ. ಎರಡು ವರ್ಷದಲ್ಲಿ ಮನೆ ಎಂದು ನಿಮಗೆ ಬಾಯಿಮಾತಲ್ಲಿ ಹೇಳಿದ್ದಾರೆ. ಎರಡು ವರ್ಷ ಐದಾದರೆ ಅಲ್ಲಿಯ ತನಕ ನೀವು ಇರುವ ಹೊರಗಿನ ಮನೆಯ ಬಾಡಿಗೆ ಯಾರು ಕೊಡುತ್ತಾರೆ? ಕಟ್ಟುವವರು ಅರ್ಧಕ್ಕೆ ಬಿಟ್ಟುಹೋದರೆ ಮುಂದೇನು? ಇದು ನಿಮ್ಮ ತಕರಾರು ಅರ್ಜಿಯಲ್ಲಿ ಮೊದಲ ಸಾಲಲ್ಲೇ ಬರಲಿ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ನಿರ್ಣಯ ಆಗಿಹೋಯಿತು, ಇನ್ನೇನು ಅಂತ ಸುಮ್ನೆ ಕೂರಬೇಡಿ. ಪಾಲಿಕೆ ತನ್ನ ನಿರ್ಣಯವನ್ನು ತಾನೇ ಬದಲಿಸಬಹುದು. ಸರ್ಕಾರವೂ ಅದನ್ನು ರದ್ದು ಮಾಡಬಹುದು. ನಿರ್ಣಯ ಆದ ದಿನಕ್ಕೂ ಟೆಂಡರ್ ಆಗಿ ಕರಾರಿಗೆ ಸಹಿ ಬೀಳುವ ದಿನಕ್ಕೂ ನಡುವೆ ತಿಂಗಳುಗಳೇ ಹಿಡಿಯುತ್ತವೆ. ನಿಮಗೆ ಇರುವ ಸಮಯ ಅದು. ಕರಾರಿಗೆ ಸಹಿ ಬಿದ್ದ ಮೇಲೆ ಪ್ರತಿ ಬದಲಾವಣೆಗೂ ಕಟ್ಟುವವರ ಒಪ್ಪಿಗೆ ಬೇಕಾಗುತ್ತದೆ, ಆಗ ಮಾತು ಕಷ್ಟ.

ನಿಮಗೆ ಕಾರ್ಪೊರೇಟರ್ ಇದ್ದಾರೆ, ಅದೇ ಒಂದು ಪುಣ್ಯ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗಿದ ಮೇಲೆ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. ಅಷ್ಟರಲ್ಲಿ ಇಡೀ ನಗರದ ಪಾಲಿಕೆಯಾಗಿದ್ದ ಬಿಬಿಎಂಪಿಯೇ ಹೋಗಿ 2025ರಲ್ಲಿ ಐದು ಪಾಲಿಕೆ ಬಂದವು. ಅಷ್ಟು ವರ್ಷ ಅಲ್ಲಿನವರು ವಾರ್ಡಿನ ಕೆಲಸಕ್ಕೂ ಅಧಿಕಾರಿಯ ಟೇಬಲ್ ಮುಂದೆಯೇ ನಿಲ್ಲಬೇಕಿತ್ತು. ನಿಮ್ಮ ಕಾರ್ಪೊರೇಟರ್ ಒಂದು ಸಲ ಬೇಸರದ ಮಾತು ಆಡಿದರು ಅಂತ ದೂರ ಇಡಬೇಡಿ. ನಿಮ್ಮ ತಕರಾರನ್ನು ಮುಂದಿನ ಸಭೆಯಲ್ಲಿ ಎತ್ತಬೇಕಾದವರು ಅವರೇ.

ಮಾಡಬೇಕಾದ ಕೆಲಸ ಹೀಗಿದೆ. ಮೊದಲು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು, ಕೊಡದಿದ್ದರೆ ಮೇಲ್ಮನವಿ ಹಾಕಬಹುದು. ಸಭೆಯ ನಡವಳಿಯ ನಕಲು, ಯೋಜನಾ ವರದಿ, ಎಂಜಿನಿಯರ್ ವರದಿ, ಆ ಹುಡುಗರು ಬರೆದುಕೊಂಡು ಹೋದ ಸರ್ವೆ ಪಟ್ಟಿ, ಇಷ್ಟನ್ನೂ ಕೇಳಿ. ನಕಲು ಬರುವ ತನಕ ಕಾಯದೆ ತಕರಾರು ಅರ್ಜಿಯನ್ನೂ ಕೊಡಿ. ಎಲ್ಲರೂ ಸೇರಿ ಒಂದು ಅರ್ಜಿ ಕೊಡುವುದು ಒಳ್ಳೆಯದು. ಜೊತೆಗೆ ಮನೆಗೊಂದು ಅರ್ಜಿಯೂ ಇರಲಿ, ಪ್ರತಿ ಮನೆಯ ಕಷ್ಟ ಬೇರೆ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳದೆ ಅಲ್ಲಿಂದ ಹೊರಡಬೇಡಿ. ನಾಳೆ ಯಾರೂ ವಿರೋಧ ಮಾಡಲೇ ಇಲ್ಲ ಎಂದು ಬರೆದುಕೊಂಡರೆ ಆ ಸೀಲೇ ನಿಮ್ಮ ಸಾಕ್ಷಿ. ನಿಮ್ಮ ಬಡಾವಣೆ ಘೋಷಿತ ಕೊಳಗೇರಿಯ ಪಟ್ಟಿಯಲ್ಲಿ ಇದೆಯೇ ಎಂದೂ ಕೊಳಗೇರಿ ಅಭಿವೃದ್ಧಿ ಮಂಡಳಿಯ ಕಚೇರಿಯಲ್ಲಿ ವಿಚಾರಿಸಿ. ಇದ್ದರೆ 1973ರ ಕೊಳಗೇರಿ ಕಾಯ್ದೆಯೂ ನಿಮ್ಮ ನೆರವಿಗೆ ಬರುತ್ತದೆ.

ಅರ್ಜಿಯಲ್ಲಿ ನಮಗೆ ಅನ್ಯಾಯ ಆಗಿದೆ ಎಂದಷ್ಟೇ ಬರೆದರೆ ಫೈಲಿಗೆ ಸೇರಿಬಿಡುತ್ತದೆ. ಉತ್ತರ ಕೊಡಲೇಬೇಕಾದ ಪ್ರಶ್ನೆ ಬರೆಯಿರಿ. ಮನೆ ಒಳಗಿನ ಅಳತೆ ಎಷ್ಟು ಚದರ ಅಡಿ? ಖಾತಾ ಯಾರ ಹೆಸರಿಗೆ? ಖಾಸಗಿಯವರಿಗೆ ಹೋಗುವ ಜಾಗ ಎಷ್ಟು, ಮಾರಾಟಕ್ಕೋ ಗುತ್ತಿಗೆಗೋ? ಹದಿನಾಲ್ಕು ಮಹಡಿಗೆ ಲಿಫ್ಟು, ಪಂಪು, ಜನರೇಟರ್ ಬೇಕು. ತಿಂಗಳಿಗೆ ಅದರ ಖರ್ಚು ಯಾರದು? ಬಿಡಿಡಿಯಲ್ಲಿ ಹನ್ನೆರಡು ವರ್ಷದ ನಿರ್ವಹಣೆಯನ್ನು ಮಂಡಳಿಯೇ ವಹಿಸಿಕೊಂಡಿದೆ. ಇಲ್ಲಿ? ಲಿಫ್ಟು ಕೆಟ್ಟು ನಿಂತ ಹನ್ನೊಂದನೇ ಮಹಡಿಗೆ ಮಂಡಿನೋವಿನ ಅಜ್ಜಿ ಹತ್ತುವುದು ಹೇಗೆ? ಖರ್ಚು ತಾಳಲಾರದೆ ಜನ ಮನೆ ಮಾರಿಕೊಂಡು ಹೋಗುವುದು ಹೀಗೆಯೇ ಶುರುವಾಗುತ್ತದೆ.

ನಿಮ್ಮ ಹೊಲಿಗೆ ಮಷೀನಿನ ವಿಷಯ ಬರೆದಿದ್ದೀರಲ್ಲ, ಅದನ್ನು ಅರ್ಜಿಯಲ್ಲಿ ಖಂಡಿತ ಸೇರಿಸಿ. ಬೆಳಕು ಬೀಳುತ್ತದೆ ಎಂದು ಬಾಗಿಲ ಪಕ್ಕ ಇಟ್ಟಿದ್ದೀರಿ. ಬೀದಿಯಲ್ಲಿ ಹೋಗುವವರು ನಿಂತು, ರವಿಕೆ ಬಟ್ಟೆ ಕೊಟ್ಟು ಹೋಗುತ್ತಾರೆ. ಒಂಬತ್ತನೇ ಮಹಡಿಗೆ ಯಾರು ಹುಡುಕಿಕೊಂಡು ಬರುತ್ತಾರೆ ಎಂದು ಕೇಳಿದ್ದೀರಿ. ಇದನ್ನು ಸಣ್ಣ ವಿಷಯ ಎಂದು ಬಿಡಬೇಡಿ. 1981ರ ಮಳೆಗಾಲದಲ್ಲಿ ಬೊಂಬಾಯಿಯ ಫುಟ್‌ಪಾತ್ ವಾಸಿಗಳನ್ನು ಎತ್ತಂಗಡಿ ಮಾಡಲು ಹೊರಟಾಗ ಪತ್ರಕರ್ತೆ ಓಲ್ಗಾ ಟೆಲಿಸ್ ಮತ್ತು ಅಲ್ಲಿನ ನಿವಾಸಿಗಳು ಸುಪ್ರೀಂ ಕೋರ್ಟಿಗೆ ಹೋದರು. 1985ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬದುಕುವ ಹಕ್ಕಿನೊಳಗೆ ದುಡಿದು ತಿನ್ನುವ ಹಕ್ಕೂ ಸೇರಿದೆ, ಎಬ್ಬಿಸುವ ಮೊದಲು ಅವರ ಮಾತು ಕೇಳಬೇಕು ಎಂದಿತು. ಪೂರ್ತಿ ಹೇಳಬೇಕೆಂದರೆ, ಕೊನೆಗೆ ಫುಟ್‌ಪಾತ್ ತೆರವಿಗೆ ಕೋರ್ಟು ಒಪ್ಪಿತು, ಮಳೆಗಾಲ ಮುಗಿಯುವ ತನಕ ಬೇಡ ಎಂದಷ್ಟೇ ತಡೆಯಿತು. ನಿಮಗೆ ಸುಳ್ಳು ಧೈರ್ಯ ಕೊಡಲು ನನಗೆ ಇಷ್ಟವಿಲ್ಲ. ಅವರ ಮಾತು ಕೇಳಬೇಕು ಎಂದ ಮಾತ್ರಕ್ಕೆ ಅಲ್ಲೇ ಉಳಿಸಬೇಕು ಅಂತ ಆಗಲಿಲ್ಲ. ಆದರೆ ನೀವು ಫುಟ್‌ಪಾತಿನಲ್ಲಿ ಇಲ್ಲ, ಪಾಲಿಕೆಯೇ ಕೊಟ್ಟ ಮನೆಯಲ್ಲಿ ಇದ್ದೀರಿ. ನಿಮ್ಮ ಕೈ ಅವರಿಗಿಂತ ಗಟ್ಟಿ. ನೆಲಮಹಡಿಯಲ್ಲಿ ಹೊಲಿಗೆ, ಇಸ್ತ್ರಿ, ಸಣ್ಣ ಅಂಗಡಿ ಇಟ್ಟವರ ಪಟ್ಟಿ ಮಾಡಿ, ಹೊಸ ನಕ್ಷೆಯಲ್ಲೂ ನೆಲಮಹಡಿಯಲ್ಲಿ ಇಷ್ಟು ಜಾಗ ಇವರಿಗೆ ಎಂದು ಕೇಳಿ.

ಯಾವತ್ತೂ ಯಾವ ಖಾಲಿ ಹಾಳೆಗೂ ಸಹಿ ಹಾಕಬೇಡಿ. ಮನೆ ಖಾಲಿ ಮಾಡಿ ಎಂಬ ನೋಟಿಸ್ ಬಂದರೆ ಆ ದಿನವೇ ವಕೀಲರನ್ನು ನೋಡಿ. ಹೆಂಗಸರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಉಚಿತ, ಕೋರ್ಟ್ ಆವರಣದಲ್ಲೇ ಅವರ ಕಚೇರಿ ಇರುತ್ತದೆ.

ಬರುವ ಭಾನುವಾರ ಬ್ಲಾಕಿನವರೆಲ್ಲ ಸೇರುತ್ತಿದ್ದೀರಿ ಎಂದು ಬರೆದಿದ್ದೀರಿ. ಒಂದು ನೋಟ್‌ಬುಕ್ ತಗೊಂಡು ಹೋಗಿ. ಬಾಗಿಲ ಮೇಲಿನ ಕೆಂಪು ನಂಬರ್ ಒಂದು ಕಡೆ, ಆ ಮನೆಯಲ್ಲಿ ಇವತ್ತು ಇರುವವರ ಹೆಸರು ಇನ್ನೊಂದು ಕಡೆ, ಎಷ್ಟು ವರ್ಷದಿಂದ ಇದ್ದಾರೆ, ಏನು ಕೆಲಸ, ಯಾವ ದಾಖಲೆ ಇದೆ, ಎಲ್ಲ ಬರೆದುಕೊಳ್ಳಿ. ಅದು ನಿಮ್ಮದೇ ಪಟ್ಟಿ. ಪಾಲಿಕೆಯ ಪಟ್ಟಿ ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಭಾನುವಾರ ಹೋಗುವಾಗ ಮೇಲಿನ ಮನೆಯವರನ್ನೂ ಕರೆದುಕೊಂಡು ಹೋಗಿ ಅಕ್ಕ. ನಡವಳಿಯ ನಕಲು ಕೈಗೆ ಬಂದ ತಕ್ಷಣ ನನಗೂ ಒಂದು ಪ್ರತಿ ಕಳಿಸಿ, ಓದಿ ಮತ್ತೆ ಬರೆಯುತ್ತೇನೆ.

ನಿಮ್ಮ
ಸಂಪಾದಕ