ಪ್ರೋಗ್ರಾಮಿಂಗ್‌ಗೂ ದಿನನಿತ್ಯದ ಬರವಣಿಗೆಗೂ ಒಂದೇ ಟೆಕ್ಸ್ಟ್ ಎಡಿಟರ್ ಬೇಕು, ಯಾವುದನ್ನು ಆರಿಸಿಕೊಳ್ಳಲಿ?

ಹಾಸನದಲ್ಲಿ ಬಿಸಿಎ ಓದುತ್ತಿದ್ದೀರಿ, 4 ಜಿಬಿ ರ‍್ಯಾಮ್‌ನ ಹಳೆಯ ವಿಂಡೋಸ್ ಲ್ಯಾಪ್‌ಟಾಪ್ ಇದೆ, ಪೈಥಾನ್ ಬರೆಯಲೂ ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಳ್ಳಲೂ ಒಂದೇ ಎಡಿಟರ್ ಸಾಕೇ ಎಂದು ಕೇಳಿದ್ದೀರಿ. ಸಾಕು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಹಾಕಿಕೊಳ್ಳಿ. ಉಚಿತ, ಹಗುರ, 2003ರಿಂದ ಬಳಕೆಯಲ್ಲಿದೆ. ಆದರೆ ನೀವು ಮುಂದೆ ಎಡಿಟರ್ ಬದಲಿಸಿಯೇ ಬದಲಿಸುತ್ತೀರಿ. ಆಗ ಹೆಸರಿಗಿಂತ ಕಾರಣಗಳು ನಿಮಗೆ ಉಪಯೋಗಕ್ಕೆ ಬರುತ್ತವೆ. ಅವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ಮೂಡಿಗೆರೆ ಕಡೆಯವಳು. ನಮ್ಮದು ಸಣ್ಣ ಕಾಫಿ ತೋಟ. ಬೆಳಿಗ್ಗೆ ಎದ್ದ ಕೂಡಲೇ ಮಳೆ ಅಳೆದು, ಇಷ್ಟು ಇಂಚು ಇಷ್ಟು ಸೆಂಟು (ಇಂಚಿನ ನೂರನೇ ಒಂದು ಭಾಗ) ಎಂದು ಬರೆದಿಡುವುದನ್ನು ಅಪ್ಪ ಒಂದು ದಿನವೂ ತಪ್ಪಿಸಿದವರಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಯಾವ ದಿನ ಬಂತು, ಹಿಂದೆಯೇ ಕಾಯಿ ಕಚ್ಚಲು ನೆರವಾಗುವ ಬ್ಯಾಕಿಂಗ್ ಮಳೆ ಸಿಕ್ಕಿತೇ ಎಂಬುದರ ಮೇಲೆ ಆ ವರ್ಷದ ಫಸಲು ನಿಂತಿರುತ್ತದೆ. ಕಾಲೇಜಿನಲ್ಲಿದ್ದಾಗ ಆ ಪುಸ್ತಕಗಳನ್ನೆಲ್ಲ ನಾನು ಕಂಪ್ಯೂಟರ್‌ಗೆ ಏರಿಸಿದೆ. ಆಗ ಬಳಸಿದ್ದು ಫಾಂಟ್ ಬಲದಿಂದ ಕನ್ನಡ ತೋರಿಸುವ ಹಳೆಯ ಬಗೆಯ ತಂತ್ರಾಂಶ. ಅಂಥ ಕಡತದೊಳಗೆ ಇರುವುದು ಕನ್ನಡವಲ್ಲ, ರೋಮನ್ ಅಕ್ಷರಗಳೂ ಚಿಹ್ನೆಗಳೂ; ಆ ಫಾಂಟ್ ಇದ್ದರೆ ಮಾತ್ರ ಅವು ಕನ್ನಡದ ವೇಷ ಹಾಕುತ್ತವೆ. ಲ್ಯಾಪ್‌ಟಾಪ್ ಬದಲಾಯಿತು, ಫಾಂಟ್ ಹೋಯಿತು. ಒಂದು ದಿನ ಅಪ್ಪ, “ಆ ವರ್ಷ ಹೂಮಳೆ ಯಾವಾಗ ಬಂದಿತ್ತು ನೋಡಮ್ಮ” ಎಂದರು. ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು. ಪರಿವರ್ತಕದಿಂದ ಬಹುಪಾಲು ಮರಳಿ ಬಂತು. ಒತ್ತಕ್ಷರ ಕೆಟ್ಟಿದ್ದ ಸಾಲುಗಳನ್ನು ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಎರಡು ತಿಂಗಳು ಸಂಜೆಯ ಹೊತ್ತು ತಿದ್ದಿದೆ.

ಹಾಗಾಗಿ ಯಾವ ಎಡಿಟರ್ ಸಿಕ್ಕರೂ ನಾನು ಮೊದಲು ನೋಡುವುದು ಬಣ್ಣವನ್ನಲ್ಲ, ಅದು ಕಡತವನ್ನು ಯಾವ ಸಂಕೇತ ಪದ್ಧತಿಯಲ್ಲಿ (ಎನ್‌ಕೋಡಿಂಗ್) ಉಳಿಸುತ್ತದೆ ಎಂಬುದನ್ನು. ಅದು ಯುಟಿಎಫ್-8 ಆಗಿರಬೇಕು; ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಅನ್ನು ಕಡತದಲ್ಲಿ ಬರೆದಿಡುವ ಕ್ರಮ ಅದು. ವಿಂಡೋಸ್‌ನ ಸಾದಾ ನೋಟ್‌ಪ್ಯಾಡ್ ಹೊಸ ಕಡತಗಳನ್ನು ತಾನಾಗಿಯೇ ಯುಟಿಎಫ್-8ರಲ್ಲಿ ಉಳಿಸಲು ಆರಂಭಿಸಿದ್ದು 2019ರಲ್ಲಿ. ನಿಮ್ಮ ವಿಂಡೋಸ್ ಅದಕ್ಕಿಂತ ಹಳೆಯದಾದರೆ ಎಚ್ಚರ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಕೆಳಗಿನ ಪಟ್ಟಿಯ ಬಲ ತುದಿಯ ಬಳಿ ಸಂಕೇತ ಪದ್ಧತಿಯ ಹೆಸರು ಸದಾ ಕಾಣುತ್ತದೆ. ಒಂದೇ ಒಂದು ಕಡೆ ಇದು ಸಾಲದು: ಕನ್ನಡವಿರುವ, ಅಲ್ಪವಿರಾಮದಿಂದ ಬೇರ್ಪಡಿಸಿದ ಕೋಷ್ಟಕದ ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆಯಬೇಕಿದ್ದರೆ ‘ಯುಟಿಎಫ್-8-ಬಿಒಎಂ’ ಆರಿಸಿ ಉಳಿಸಿ. ಕಡತದ ತಲೆಯಲ್ಲಿ ಸೇರುವ ಮೂರು ಬೈಟ್‌ಗಳನ್ನು ನೋಡಿ ಎಕ್ಸೆಲ್ ಇದು ಯುನಿಕೋಡ್ ಎಂದು ಗುರುತಿಸುತ್ತದೆ.

ಎರಡನೆಯ ಪರೀಕ್ಷೆ ನಮ್ಮ ಭಾಷೆಯದು. ‘ಸ್ವಾತಂತ್ರ್ಯ’ ಎಂದು ಟೈಪ್ ಮಾಡಿ, ಬಾಣದ ಕೀಲಿಯಿಂದ ಹಿಂದೆ ಮುಂದೆ ಓಡಾಡಿ, ಒಂದಕ್ಷರ ಅಳಿಸಿ ನೋಡಿ. ಕಣ್ಣಿಗೆ ಒಂದೇ ಅಕ್ಷರವಾದ ‘ಶ್ರೀ’ ಕಂಪ್ಯೂಟರ್‌ಗೆ ನಾಲ್ಕು ಸಂಕೇತಗಳು, ಯುಟಿಎಫ್-8ರಲ್ಲಿ 12 ಬೈಟ್‌ಗಳು. ಪೈಥಾನ್‌ನಲ್ಲಿ ಅದರ ಉದ್ದ ಕೇಳಿದರೂ 4 ಎಂದೇ ಉತ್ತರ ಬರುತ್ತದೆ. ಒತ್ತು ಕಳಚಿ ಬೀಳುವ, ಕರ್ಸರ್ ಒಂದು ಕಡೆ ಅಕ್ಷರ ಇನ್ನೊಂದು ಕಡೆ ಆಗುವ ಎಡಿಟರ್‌ನಲ್ಲಿ ಕನ್ನಡ ಬರೆಯಲು ಹೋಗಬೇಡಿ. ಇನ್ನೊಂದು ಸೂಕ್ಷ್ಮ: ‘ತೋಟ’ ಎಂದು ಹುಡುಕಿದರೆ ಸಿಗುತ್ತದೆ, ‘ಎಸ್ಟೇಟ್‌ನಲ್ಲಿ’ ಎಂದು ಹುಡುಕಿದರೆ ಕೆಲವೊಮ್ಮೆ ಸಿಗುವುದಿಲ್ಲ. ಟ್ ಮತ್ತು ನ ನಡುವೆ ಒತ್ತು ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ. ಬರೆದಾಗ ಅದಿದ್ದು ಹುಡುಕುವಾಗ ಇಲ್ಲದಿದ್ದರೆ ಎರಡೂ ಬೇರೆ ಬೇರೆ ಪದಗಳಾಗಿಬಿಡುತ್ತವೆ.

ಇನ್ನು ಕರೆಂಟ್. ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಮಳೆಗಾಲದ ಸಂಜೆ ಕೆಲಸ ಮಾಡುವ ಕಷ್ಟ ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ನೀವು ಉಳಿಸದ ಬರಹವನ್ನೂ 7 ಸೆಕೆಂಡಿಗೊಮ್ಮೆ ಬದಿಗೆ ತೆಗೆದಿಡುತ್ತದೆ. ನಾನು ಅದನ್ನು ನಿಮಗೆ ಹೇಳಲು ದೊಡ್ಡ ಕಾರಣ ಇದು.

ಮೈಕ್ರೋಸಾಫ್ಟ್‌ನ ಉಚಿತ ಎಡಿಟರ್ ವಿಎಸ್ ಕೋಡ್ ಕೂಡ ಒಳ್ಳೆಯದೇ. ಹಲವು ಕಡತಗಳ ಯೋಜನೆ, ಬದಲಾವಣೆಗಳ ದಾಖಲೆ ಇಡುವ ಗಿಟ್, ದೋಷ ಪತ್ತೆ ಎಲ್ಲ ಬಂದಾಗ ಅದನ್ನೇ ಕಲಿಯಿರಿ. ಆದರೆ ಅದು ಎಲೆಕ್ಟ್ರಾನ್ ಮೇಲೆ ಕಟ್ಟಿದ್ದು, ಎಂದರೆ ಒಳಗೊಂದು ಬ್ರೌಸರ್ ಓಡುತ್ತಿರುತ್ತದೆ. ಪಕ್ಕದಲ್ಲಿ ಕ್ರೋಮ್ ಕೂಡ ತೆರೆದಿದ್ದರೆ 4 ಜಿಬಿಗೆ ಉಸಿರು ಕಟ್ಟುತ್ತದೆ. ಲಿನಕ್ಸ್‌ಗೆ ಹೋದರೆ ಕೇಟ್ ಅಥವಾ ಜೀನಿ ಎಂಬ ಎಡಿಟರ್ ನೋಡಿ.

ಕೀಲಿಮಣೆಯ ಆಜ್ಞೆಗಳಿಂದಲೇ ನಡೆಯುವ ವಿಮ್ ಎಂಬ ಎಡಿಟರ್ ಬಗ್ಗೆ ನನಗೆ ಗೌರವವಿದೆ. 1991ರಲ್ಲಿ ಅದನ್ನು ಹೊರತಂದ ಬ್ರಾಮ್ ಮೂಲೆನಾರ್ ಬಳಸುವವರಿಂದ ಹಣ ಕೇಳಲಿಲ್ಲ, ಮನಸ್ಸಿದ್ದರೆ ಉಗಾಂಡದ ಮಕ್ಕಳಿಗೆ ನೆರವಾಗಿ ಎಂದರು. 2023ರಲ್ಲಿ ಅವರು ತೀರಿಕೊಂಡ ಸುದ್ದಿ ಓದಿದಾಗ ಮನೆಯ ಹಿರಿಯರನ್ನು ಕಳೆದುಕೊಂಡಂತಾಯಿತು. ಸರ್ವರ್‌ಗಳಲ್ಲಿ ಬಹುತೇಕ ಎಲ್ಲೆಡೆ ಅದರ ಪೂರ್ವಜ ವಿಐ ಇಲ್ಲವೇ ವಿಮ್ ಇರುತ್ತದೆ. ಕಡತ ತೆರೆದು, ತಿದ್ದಿ, ಉಳಿಸಿ ಹೊರಬರುವಷ್ಟನ್ನು ಕಲಿತಿರಿ. ಕನ್ನಡಕ್ಕೆ ಮಾತ್ರ ಅದು ಒಗ್ಗುವುದಿಲ್ಲ. ಅದರ ಆಜ್ಞೆಗಳೆಲ್ಲ ಇಂಗ್ಲಿಷ್ ಅಕ್ಷರಗಳು. ಕೀಲಿಮಣೆ ಕನ್ನಡದಲ್ಲಿದ್ದರೆ ಸಾಲು ಅಳಿಸಲೂ ಭಾಷೆ ಬದಲಿಸಬೇಕು, ಅನೇಕ ಟರ್ಮಿನಲ್‌ಗಳಲ್ಲಿ ಒತ್ತಕ್ಷರವೂ ಚದುರುತ್ತದೆ.

ನಾನೀಗ ಬಳಸುವುದು ಇಮ್ಯಾಕ್ಸ್ ಎಂಬ ಎಡಿಟರ್. ಕನ್ನಡ ಕೀಲಿವಿನ್ಯಾಸ ಅದರೊಳಗೇ ಇರುವುದರಿಂದ ಆ ತೊಂದರೆ ಇಲ್ಲ, 2020ರ 27ನೇ ಆವೃತ್ತಿಯಿಂದ ಒತ್ತಕ್ಷರಗಳೂ ಅಂದವಾಗಿ ಮೂಡುತ್ತವೆ. ಆದರೆ ಕೈಗೆ ಕೂರಲು ತಿಂಗಳುಗಳು ಬೇಕು. ಪರೀಕ್ಷೆ ಹತ್ತಿರವಿರುವಾಗ ಶುರುಮಾಡಬೇಡಿ.

ಅಪ್ಪನ ಮಳೆ ಲೆಕ್ಕ ಈಗ ಒಂದೇ ಸಾದಾ ಕಡತ: ದಿನಕ್ಕೊಂದು ಸಾಲು, ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಹಾಗೆ ಬರೆದರೆ ವಿಂಗಡಿಸಿದಾಗ ತಾನಾಗಿಯೇ ಕಾಲಕ್ರಮಕ್ಕೆ ಬರುತ್ತದೆ. ಹತ್ತು ಸಾಲಿನ ಪೈಥಾನ್ ತಿಂಗಳ ಮೊತ್ತ ಹಾಕುತ್ತದೆ. ಮೂವತ್ತು ವರ್ಷದ ಲೆಕ್ಕ ಒಂದು ಮೊಬೈಲ್ ಫೋಟೋಗಿಂತ ಚಿಕ್ಕದು. ನಾನು ಮೂರು ಸಲ ಎಡಿಟರ್ ಬದಲಿಸಿದರೂ ಕಡತದ ಒಂದಕ್ಷರವೂ ಅಲುಗಲಿಲ್ಲ.

ಇಂದು ಮಾಡಬೇಕಾದ ಒಂದು ಕೆಲಸ: ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಪ್ರಿಫರೆನ್ಸಸ್‌ಗೆ ಹೋಗಿ, ಟ್ಯಾಬ್ ಒತ್ತಿದರೆ ನಾಲ್ಕು ಖಾಲಿ ಜಾಗ ಬೀಳುವಂತೆ ಹೊಂದಿಸಿ. ಟ್ಯಾಬ್ ಮತ್ತು ಖಾಲಿ ಜಾಗ ಬೆರೆತರೆ ಪೈಥಾನ್ 3 ಓಡಲು ನಿರಾಕರಿಸಬಹುದು, ತಪ್ಪು ಎಲ್ಲಿದೆ ಎಂದು ಕಣ್ಣಿಗೆ ಕಾಣುವುದೂ ಇಲ್ಲ.