ಹೋತಮರಿಗೆ ಬೀಜ ಒಡೆಸುವಾಗ ಮರಗಟ್ಟೋ ಇಂಜೆಕ್ಷನ್ ಒಳ್ಳೆಯದಾ, ನೋವಿನ ಇಂಜೆಕ್ಷನ್ ಒಳ್ಳೆಯದಾ?

ಆರು ಹೋತಮರಿ ಇವೆ, ಬೀಜ ಒಡೆಸಬೇಕು, ಎರಡರಲ್ಲಿ ಯಾವ ಇಂಜೆಕ್ಷನ್ ತಂದು ನಾನೇ ಹಾಕಲಿ ಅಂತ ಕೇಳಿದ್ದೀರಿ. ಮೊದಲು ಒಂದು ಮಾತು. ಮರಗಟ್ಟೋ ಇಂಜೆಕ್ಷನ್ ನೀವೇ ಹಾಕಬೇಡಿ. ಐದು ವರ್ಷದ ಹಿಂದೆ ನಾನು ಹಾಕಿದೆ. ಮರಿ ಸತ್ತುಹೋಯಿತು.

ನಮ್ಮದು ಮಾಗಡಿ ಕಡೆ. ಅಪ್ಪನ ಕಾಲದಿಂದ ಮನೆಯಲ್ಲಿ ಮೇಕೆ ಇವೆ. ಆಗೆಲ್ಲ ಬೀಜ ಒಡೆಯೋಕೆ ಪಕ್ಕದ ಊರಿಂದ ಒಬ್ಬರು ತಾತ ಬರುತ್ತಿದ್ದರು. ಎರಡು ಕೋಲಿನ ನಡುವೆ ಸಿಕ್ಕಿಸಿ ಜಜ್ಜುತ್ತಿದ್ದರು. ಹಿಂಗಾಲು ಹಿಡಿಯುವ ಕೆಲಸ ನನ್ನದು. ಕೈ ಬಿಟ್ಟ ಮೇಲೂ ಮರಿ ಎದ್ದು ಓಡುತ್ತಿರಲಿಲ್ಲ. ಕಾಲು ಚಾಚಿ ಮಲಗುತ್ತಿತ್ತು, ತಿರುಗಿ ತಿರುಗಿ ಹೊಟ್ಟೆ ಕಡೆ ನೋಡುತ್ತಿತ್ತು, ಹಲ್ಲು ಕಡಿಯುತ್ತಿತ್ತು. ಮೇಕೆಗೆ ಅಷ್ಟೆಲ್ಲ ನೋವು ಗೊತ್ತಾಗಲ್ಲ ಅಂತ ನಿಮ್ಮ ಮನೆಯ ಹಿರಿಯರು ಹೇಳುತ್ತಾರಂತಲ್ಲ. ಆ ಹಲ್ಲು ಕಡಿಯುವ ಸದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ನೋವು ಗೊತ್ತಾಗುತ್ತದೆ. ಈ ವಿಷಯದಲ್ಲಿ ಯಾರ ಜೊತೆಯೂ ವಾದ ಮಾಡಲು ನಾನು ತಯಾರಿಲ್ಲ.

ಅಪ್ಪನ ನಂತರ ಮಂದೆ ನನ್ನ ಕೈಗೆ ಬಂತು. ಇನ್ನು ಮೇಲೆ ನಮ್ಮ ಕೊಟ್ಟಿಗೆಯಲ್ಲಿ ಯಾವ ಮರಿಯೂ ಹಾಗೆ ಒದ್ದಾಡಬಾರದು ಅಂದುಕೊಂಡೆ. ಬೀಜ ಒಡೆಯುವ ಇಕ್ಕಳ ತರಿಸಿದೆ. ಡಾಕ್ಟರು ಬರ್ಡಿಜೋ ಅಂತಾರಲ್ಲ, ಅದೇ. ಚರ್ಮ ಕುಯ್ಯದೆ ಒಳಗೆ ಬೀಜಕ್ಕೆ ರಕ್ತ ಒಯ್ಯುವ ಹುರಿಯನ್ನಷ್ಟೇ ಹಿಸುಕುತ್ತದೆ. ಮೆಡಿಕಲ್ ಶಾಪಿನಿಂದ ಮರಗಟ್ಟಿಸುವ ಔಷಧ ಲಿಗ್ನೊಕೇನ್ ಬಾಟಲಿಯನ್ನೂ ತಂದೆ.

ತಪ್ಪಾಗಿದ್ದು ಇಲ್ಲಿ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ದಯವಿಟ್ಟು ಓದಿ. ಅದಕ್ಕೆ ಸ್ವಲ್ಪ ದಿನ ಮುಂಚೆ ನಮ್ಮ ಹಸುವಿನ ಕೊಂಬು ಮುರಿದಿತ್ತು. ಡಾಕ್ಟರು ಬಂದು ಅದೇ ಔಷಧ 10 ಮಿಲಿ ಹಾಕಿ ಕೆಲಸ ಮುಗಿಸಿದ್ದರು. ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. ಹಸುವಿಗೆ 10 ಆದರೆ ಮರಿಗೆ ಅರ್ಧ ಸಾಕು ಅಂತ ಲೆಕ್ಕ ಹಾಕಿದೆ. ಬೀಜ ಎರಡು ಇವೆ, ಹಾಗಾಗಿ ಆ ಕಡೆ 5, ಈ ಕಡೆ 5. ಅರ್ಧ ಹಾಕುತ್ತಿದ್ದೇನೆ ಅಂತಲೇ ನನ್ನ ತಲೆಯಲ್ಲಿತ್ತು. ಎರಡು ಕಡೆಯದೂ ಸೇರಿದರೆ ಹಸುವಿಗೆ ಹಾಕಿದಷ್ಟೇ ಆಯಿತು ಅನ್ನುವುದು ಹೊಳೆಯಲೇ ಇಲ್ಲ. ಮರಿ ಇದ್ದದ್ದು 9 ಕೆಜಿ.

ಮೊದಲು ತುಟಿ ಅದುರಿತು. ಕಣ್ಣುಗುಡ್ಡೆ ಅತ್ತಿಂದಿತ್ತ ಓಡಾಡಿತು. ಹೆದರಿಕೊಂಡಿದೆ ಅಂದುಕೊಂಡು ಬೆನ್ನು ಸವರಿದೆ. ಆಮೇಲೆ ಕತ್ತು ಹಿಂದಕ್ಕೆ ಸೆಟೆದುಕೊಂಡಿತು, ಕಾಲು ಬಡಿಯಿತು, ಉಸಿರು ನಿಂತಿತು. ಹತ್ತು ನಿಮಿಷ ಕೂಡ ಆಗಿರಲಿಲ್ಲ. ಇಕ್ಕಳ ಇನ್ನೂ ಗೋಣಿಚೀಲದ ಮೇಲೆ ಹಾಗೇ ಇತ್ತು, ಮುಟ್ಟಿಯೂ ಇರಲಿಲ್ಲ. ತಾಯಿ ಮೇಕೆ ರಾತ್ರಿಯೆಲ್ಲ ಕೂಗಿತು. ಕೆಚ್ಚಲು ಬಿಗಿದಿತ್ತು, ಅಮ್ಮ ಎದ್ದು ಹಾಲು ಹಿಂಡಿದರು.

ಮಾರನೆ ದಿನ ಡಾಕ್ಟರು ಒಂದು ಚೀಟಿಯ ಮೇಲೆ ಬರೆದು ತೋರಿಸಿದರು. 2 ಪರ್ಸೆಂಟ್ ಅಂದರೆ ಒಂದು ಮಿಲಿಯಲ್ಲಿ 20 ಮಿಲಿಗ್ರಾಂ. ನಾನು ಹಾಕಿದ್ದು 200 ಮಿಲಿಗ್ರಾಂ. ಮೇಕೆಗೆ ಕೆಜಿಗೆ 5 ಮಿಲಿಗ್ರಾಂ ದಾಟಬಾರದು, ಅಂದರೆ ಆ ಮರಿಗೆ ಹೆಚ್ಚೆಂದರೆ 45. ನಾಲ್ಕು ಪಟ್ಟಿಗಿಂತ ಜಾಸ್ತಿ ಹೋಗಿತ್ತು. 400 ಕೆಜಿಯ ಹಸುವಿಗೆ ಅದೇ ಔಷಧ ಏನೂ ಅಲ್ಲ. ಔಷಧ ಕೆಟ್ಟದ್ದಲ್ಲ, ಅಂಗಡಿಯವರದ್ದೂ ತಪ್ಪಲ್ಲ. ನಾನು ಮರಿಯನ್ನು ಮೊದಲೇ ತೂಕ ಮಾಡಲಿಲ್ಲ. ಬಾಟಲಿಯ ಮೇಲಿದ್ದ ಪರ್ಸೆಂಟ್ ಓದಿದೆ, ಅದು ಎಷ್ಟು ಮಿಲಿಗ್ರಾಂ ಅಂತ ಯೋಚಿಸಲಿಲ್ಲ. ಎರಡು ಕಡೆಯದನ್ನು ಕೂಡಿಸಲಿಲ್ಲ. ಸೂಜಿ ಚುಚ್ಚಿದ ಮೇಲೆ ಪಿಸ್ಟನ್ ಹಿಂದಕ್ಕೆಳೆದು ರಕ್ತ ಬರುತ್ತಾ ಅಂತಲೂ ನೋಡಲಿಲ್ಲ. ರಕ್ತನಾಳಕ್ಕೆ ನೇರ ಹೋದರೆ ಕಡಿಮೆ ಔಷಧವೂ ಅಪಾಯವೇ.

ಈಗ ಡಾಕ್ಟರು ಬಂದೇ ಮಾಡುತ್ತಾರೆ. 9 ಕೆಜಿ ಮರಿಯಾದರೆ 2 ಮಿಲಿ ಔಷಧಕ್ಕೆ 2 ಮಿಲಿ ಸಲೈನ್ ಬೆರೆಸುತ್ತಾರೆ. ಆ ಕಡೆ 2, ಈ ಕಡೆ 2. ಐದು ನಿಮಿಷ ಬಿಟ್ಟು ಇಕ್ಕಳ ಹಾಕುತ್ತಾರೆ. ಮರಿ ಕೂಗುವುದು ತುಂಬ ಕಡಿಮೆ.

ಇನ್ನು ನೀವು ಕೇಳಿದ 'ಇದಾ, ಅದಾ' ಅನ್ನುವುದು. ಆ ಪ್ರಶ್ನೆಯೇ ಸರಿಯಿಲ್ಲ ಅನ್ನಿಸುತ್ತದೆ ನನಗೆ. ಎರಡರ ಕೆಲಸ ಬೇರೆ ಬೇರೆ. ಮರಗಟ್ಟೋದು ಇಕ್ಕಳ ಹಾಕುವ ಹೊತ್ತಿನ ನೋವಿಗೆ. ಒಂದೆರಡು ಗಂಟೆಯಲ್ಲಿ ಅದರ ಶಕ್ತಿ ಮುಗಿಯುತ್ತದೆ. ಅಲ್ಲಿಂದ ಊತ ಶುರು. ಒಂದು ಸಲ ಮರಗಟ್ಟಿಸಿ ಮಾತ್ರ ಮಾಡಿಸಿದ್ದೆವು. ಮರಿ ತಕ್ಷಣ ಎದ್ದು ಓಡಾಡಿತು, ನನಗೆ ಖುಷಿಯಾಯಿತು. ಸಂಜೆ ನೋಡಿದರೆ ಹಿಂಗಾಲು ಅಗಲಿಸಿಕೊಂಡು ಗೋಡೆ ಕಡೆ ಮುಖ ಮಾಡಿ ನಿಂತಿದೆ, ತಾಯಿ ಹತ್ತಿರ ಬಂದರೂ ಹಾಲು ಕುಡಿಯುತ್ತಿಲ್ಲ.

ಅದಕ್ಕೇ ನೋವಿನ ಇಂಜೆಕ್ಷನ್, ಅಂದರೆ ಮೆಲಾಕ್ಸಿಕಾಮ್ ಬೇಕು. ಊತ ಬಂದ ಮೇಲಲ್ಲ, ಇಕ್ಕಳ ಹಾಕುವ ಅರ್ಧ ಗಂಟೆ ಮುಂಚೆ. ಊತ ಬರಿಸುವ ವಸ್ತುಗಳು ಮೈಯಲ್ಲಿ ತಯಾರಾಗುವುದನ್ನೇ ಅದು ತಡೆಯುತ್ತದೆ. ಆಗಲೇ ತಯಾರಾಗಿರುವುದನ್ನು ಅದು ಅಳಿಸುವುದಿಲ್ಲ. ನಮ್ಮ ಡಾಕ್ಟರು ಕೆಜಿಗೆ ಅರ್ಧ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಮಿಲಿಗೆ 5 ಮಿಲಿಗ್ರಾಂ ಇರುವ ಬಾಟಲಿಯಾದರೆ 9 ಕೆಜಿ ಮರಿಗೆ 0.9 ಮಿಲಿ. ಆದರೆ ಮಿಲಿಗೆ 20 ಮಿಲಿಗ್ರಾಂ ಇರುವ ಬಾಟಲಿಯೂ ಅಂಗಡಿಯಲ್ಲಿ ಸಿಗುತ್ತದೆ. ನನ್ನ ತಪ್ಪು ಇಲ್ಲೂ ಆಗಬಹುದು, ಅಲ್ವಾ? ಲೇಬಲ್ ಓದಿ. ಮೂರನೇ ದಿನವೂ ಊತ ಜಾಸ್ತಿ ಆಗುತ್ತಲೇ ಇದ್ದರೆ, ಚರ್ಮ ಕಪ್ಪಾದರೆ, ವಾಸನೆ ಬಂದರೆ ಕಾಯಬೇಡಿ, ಡಾಕ್ಟರನ್ನು ಕರೆಸಿ. ಎರಡು ಹುರಿಯನ್ನೂ ಒಂದೇ ಗೆರೆಯಲ್ಲಿ ಹಿಸುಕಿದರೆ ಹಾಗಾಗುತ್ತದೆ, ಕೆಳಗಿನ ಚರ್ಮಕ್ಕೆ ರಕ್ತವೇ ಹೋಗುವುದಿಲ್ಲ. ಒಂದೊಂದನ್ನೇ, ಸ್ವಲ್ಪ ಮೇಲೆ ಕೆಳಗೆ, ನಡುವೆ ಜಾಗ ಬಿಟ್ಟು ಹಿಸುಕಬೇಕು.

ನೋವಿಗೆ ಅಂತ ಡೈಕ್ಲೋಫೆನಾಕ್ ಯಾರಾದರೂ ಕೊಡಲು ಬಂದರೆ ತೆಗೆದುಕೊಳ್ಳಬೇಡಿ. ದನಕರುಗಳಿಗೆ ಅದನ್ನು 2006ರಲ್ಲೇ ನಿಷೇಧ ಮಾಡಿದ್ದಾರೆ. ಅದನ್ನು ಚುಚ್ಚಿದ ಪ್ರಾಣಿ ಸತ್ತು, ಆ ಹೆಣ ತಿಂದ ರಣಹದ್ದುಗಳ ಕಿಡ್ನಿ ಹಾಳಾಗಿ ದೇಶದಲ್ಲೆಲ್ಲ ಸತ್ತವು. ಇನ್ನೊಂದು ನೋವಿನ ಔಷಧ ಕೀಟೊಪ್ರೊಫೇನ್ ಕೂಡ 2023ರಲ್ಲಿ ನಿಷೇಧವಾಯಿತು. ನಮಗೆ ರಾಮನಗರದ ರಾಮದೇವರ ಬೆಟ್ಟ ಹತ್ತಿರ. 2012ರಲ್ಲಿ ಅದನ್ನು ರಣಹದ್ದು ಧಾಮ ಮಾಡಿದರು. ಅಲ್ಲಿ ಉಳಿದಿರುವುದೇ ಬೆರಳೆಣಿಕೆಯಷ್ಟು. ಮೆಲಾಕ್ಸಿಕಾಮ್‌ನಿಂದ ಅವಕ್ಕೆ ತೊಂದರೆ ಇಲ್ಲ.

ಬೀಜದ ಬುಡಕ್ಕೆ ಬಿಗಿಯುವ ರಬ್ಬರ್ ರಿಂಗ್ ಸುಲಭ ಅಂತ ಯಾರೋ ಹೇಳಿದರು ಅಂದಿದ್ದೀರಿ. ನನಗೆ ಇಷ್ಟವಿಲ್ಲ. ರಕ್ತ ನಿಂತು, ಒಣಗಿ, ಉದುರಲು ವಾರಗಟ್ಟಲೆ ಬೇಕು. ಆ ಗಾಯದಿಂದ ಧನುರ್ವಾಯು ಬರಬಹುದು. ಒಂದು ಇಂಜೆಕ್ಷನ್ ಅಷ್ಟು ದಿನದ ನೋವಿಗೆ ಸಾಲುವುದಿಲ್ಲ.

ಇನ್ನೊಂದು. ಆರಕ್ಕೂ ಬೀಜ ಒಡೆಸಲೇಬೇಕಾ? ಬಕ್ರೀದ್‌ಗೋ, ಹರಕೆಗೋ ಮಾರುವುದಿದ್ದರೆ ಕೊಳ್ಳುವವರನ್ನು ಮೊದಲು ಕೇಳಿ. ಎಷ್ಟೋ ಜನ ಬೀಜ ಇರುವುದನ್ನೇ ಕೇಳುತ್ತಾರೆ. ನಾಲ್ಕೈದು ತಿಂಗಳಿಗೇ ಮಾರುವುದಾದರೆ ಹೆಣ್ಣುಮರಿಗಳಿಂದ ಬೇರೆ ಕಟ್ಟಿದರೆ ಸಾಕು. ಸುಮ್ನೆ ನೋವು ಕೊಡುವುದು ಯಾಕೆ? ಉಳಿಸಿಕೊಂಡು ಸಾಕುವುದಕ್ಕೆ ಮಾತ್ರ ಮಾಡಿಸಿ.

ತೂಕಕ್ಕೆ ದೊಡ್ಡ ಯಂತ್ರ ಬೇಡ. ರಾಗಿ ತೂಗುವ ಕೊಕ್ಕೆ ತಕ್ಕಡಿಗೆ ಗೋಣಿಚೀಲ ಕಟ್ಟಿ ಮರಿಯನ್ನು ಅದರಲ್ಲಿ ಕೂರಿಸಿ. ಆರರದ್ದೂ ಬರೆದಿಟ್ಟುಕೊಂಡು ಡಾಕ್ಟರಿಗೆ ಕೊಡಿ. ಹತ್ತಿರ ಪಶು ಆಸ್ಪತ್ರೆ ಇಲ್ಲ ಅಂದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಿ. ಇಂಜೆಕ್ಷನ್ ಆದ ಮೇಲೆ ಎಷ್ಟು ದಿನ ಮಾಂಸಕ್ಕೆ ಕೊಡಬಾರದು ಅಂತಲೂ ಅವರನ್ನೇ ಕೇಳಿ. ನಿಮ್ಮ ಆರರಲ್ಲಿ ಎರಡಕ್ಕೆ ಇನ್ನೂ ಒಂದೇ ತಿಂಗಳ ವಯಸ್ಸು ಅಂದಿದ್ದೀರಿ. ಆ ಎರಡನ್ನು ಈಗ ಮುಟ್ಟಬೇಡಿ. ತೀರ ಎಳೆಯದರಲ್ಲಿ ಮಾಡಿಸಿದರೆ ಮೂತ್ರದ ನಾಳ ಸಣ್ಣದಾಗಿಯೇ ಉಳಿಯಬಹುದು, ಹಿಂಡಿ ಬೂಸಾ ಜಾಸ್ತಿ ತಿಂದಾಗ ಕಲ್ಲು ಕಟ್ಟಿಕೊಳ್ಳಬಹುದು. ಇನ್ನೆರಡು ತಿಂಗಳು ತಾಯಿ ಹಾಲು ಕುಡಿದುಕೊಂಡಿರಲಿ.