ಒದ್ದೆ ಹಳಿ ಮೇಲೆ ಜಾರಿದವನ ಮಾತು

ಬೆಳಗಾವಿಯ ಟಿಳಕವಾಡಿಯಿಂದ ಉದ್ಯಮಬಾಗಕ್ಕೆ ದಿನಾ ಸೈಕಲ್‌ನಲ್ಲಿ ಹೋಗೋಕೆ ಹೆಲ್ಮೆಟ್ ಬೇಕಾ ಅಂತ ಕೇಳಿದ್ದೀರಿ. ಕಾನೂನು ಕೇಳಲ್ಲ ಸರ್, ಕಡ್ಡಾಯ ಇರೋದು ಬೈಕ್‌ನವರಿಗೆ. ಆದರೂ ಹಾಕಿಕೊಳ್ಳಿ.

ಹೋದ ಮಳೆಗಾಲ ರೈಲ್ವೆ ಗೇಟ್‌ನಲ್ಲಿ ನಾನು ಹಳಿಯನ್ನು ಓರೆಯಾಗಿ ದಾಟಿದೆ. ಒದ್ದೆ ಕಬ್ಬಿಣ, ಮುಂದಿನ ಚಕ್ರ ಜಾರಿ ಧೊಪ್ಪಂತ ಬಿದ್ದೆ. ಹೆಲ್ಮೆಟ್ ಒಳಗಿನ ಥರ್ಮಾಕೋಲ್ ಸೀಳಿತ್ತು, ತಲೆಗೆ ಏನೂ ಆಗಿರಲಿಲ್ಲ. ಅದನ್ನು ಮತ್ತೆ ಹಾಕಲಿಲ್ಲ. ಅದು ಒಂದು ಪೆಟ್ಟು ತಿನ್ನೋಕಷ್ಟೇ ಇರೋದು. ಹುಬ್ಬಿನ ಮೇಲೆ ಎರಡು ಬೆರಳು ಜಾಗ ಬಿಟ್ಟು ಕೂರಬೇಕು. ಹಿಂದಕ್ಕೆ ಸರಿಸಿದರೆ ಸುಮ್ನೆ ಭಾರ.

ಲಾರಿ ಗುದ್ದಿದರೆ? ಅದಕ್ಕೆ ಹೆಲ್ಮೆಟ್ ನಂಬಬೇಡಿ. ಸೈಕಲ್ ಹೆಲ್ಮೆಟ್‌ಗೆ ಯುರೋಪಿನಲ್ಲಿ ಮಾಡೋ ಇಎನ್ 1078 ಪರೀಕ್ಷೆಯೇ ಗಂಟೆಗೆ ಸುಮಾರು 20 ಕಿ.ಮೀ. ವೇಗದ ಪೆಟ್ಟಿನದು. ಹಾಗಾಗಿ ಸಂಜೆ ಖಾನಾಪುರ ರಸ್ತೆಯಲ್ಲಿ ಹಿಂದೆ ಕೆಂಪು ಲೈಟ್ ಇರಲೇಬೇಕು. ಹಳಿ ಮಾತ್ರ ನೇರ ದಾಟಿ.